ಕಂಪ್ಯೂಟರಿನ ಸುಪ್ತಾವಸ್ಥೆ ಮತ್ತು ವಿದ್ಯುತ್ ಉಳಿತಾಯ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯಂತಹ ಹೋಬಳಿ ಕೇಂದ್ರಗಳಲ್ಲಿ ರೈತರ ಅನೇಕ ಕೆಲಸಗಳು ಇಂದು ಕಂಪ್ಯೂಟರಿನ ಮೂಲಕವೇ ಆಗಬೇಕಾಗಿದೆ. ಪಹಣಿ, ಬೆಳೆ ವಿಮೆಯ ಅರ್ಜಿ, ಹಾಲಿನ ಲೆಕ್ಕ ಇವೆಲ್ಲ ಇದರಲ್ಲಿ ಸೇರಿವೆ. ಮೇಜಿನ ಕಂಪ್ಯೂಟರಿಗೆ ಅದನ್ನು ಚಾಲೂ ಇಡುವಂತಹ ಬ್ಯಾಟರಿ ಒಳಗೆ ಇರುವುದಿಲ್ಲ. ಆದುದರಿಂದ ವಿದ್ಯುತ್ ಹೋದೊಡನೆ ದಾಖಲಿಸದೆ ಬಿಟ್ಟ ಕೆಲಸ ನಷ್ಟವಾಗುತ್ತದೆ. ಇದಕ್ಕೆ ಅಂಜಿ ಯಂತ್ರವನ್ನು ದಿನವಿಡೀ ಚಾಲೂ ಇಟ್ಟರೆ ವಿದ್ಯುತ್ ವ್ಯರ್ಥವಾಗುವುದೇ ಹೊರತು ಕೆಲಸ ಉಳಿಯುವುದಿಲ್ಲ.

ಎರಡು ವಿಧಾನಗಳು

ಒಣಗಿಸಿಟ್ಟ ಬಿತ್ತನೆ ಬೀಜ ಸುಪ್ತವಾಗಿದ್ದರೂ ಅಲ್ಪ ಪ್ರಮಾಣದಲ್ಲಿ ಉಸಿರಾಡುತ್ತಿರುತ್ತದೆ. ಸ್ಲೀಪ್ ಅಥವಾ ಸಸ್ಪೆಂಡ್ ಎಂಬ ವಿಧಾನವೂ ಹೀಗೆಯೇ. ಸ್ಮರಣ ಕೋಶಕ್ಕೆ ಮಾತ್ರ ವಿದ್ಯುತ್ ಹರಿಯುತ್ತಿದ್ದು, ಉಳಿದ ಭಾಗಗಳು ನಿಲ್ಲುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಕೆಲಸ ಮುಂದುವರಿಸಬಹುದು. ಆದರೆ ವಿದ್ಯುತ್ ಹೋದರೆ ಎಲ್ಲವೂ ಅಳಿಸಿಹೋಗುತ್ತದೆ. ಹೈಬರ್ನೇಟ್ ವಿಧಾನದಲ್ಲಿ ಕೆಲಸವನ್ನು ಡಿಸ್ಕಿಗೆ ಬರೆದು ಯಂತ್ರ ಪೂರ್ತಿ ಆರುತ್ತದೆ. ವಿದ್ಯುತ್ ಹೋದರೂ ಭಯವಿಲ್ಲ; ಎಚ್ಚರಗೊಳ್ಳಲು ಸ್ವಲ್ಪ ಹೆಚ್ಚು ಸಮಯ ಹಿಡಿಯುತ್ತದೆ.

ಉಳಿತಾಯದ ಲೆಕ್ಕ

ಉದಾಹರಣೆಗೆ, ಪರದೆ ಸೇರಿ 80 ವಾಟ್ ಬಳಸುವ ಕಂಪ್ಯೂಟರು ದಿನಕ್ಕೆ 4 ಗಂಟೆ ಸುಮ್ಮನೆ ಚಾಲೂ ಇದ್ದರೆ, 25 ದಿನಗಳಿಗೆ 8 ಯೂನಿಟ್ ಖರ್ಚಾಗುತ್ತದೆ. ಸಸ್ಪೆಂಡ್‌ನಲ್ಲಿ 4 ವಾಟ್ ಸಾಕಾದರೆ ಖರ್ಚು 0.4 ಯೂನಿಟ್ ಮಾತ್ರ. ಉಳಿದ 7.6 ಯೂನಿಟ್‌ನಿಂದ 5 ಅಶ್ವಶಕ್ತಿಯ ಪಂಪನ್ನು ಸುಮಾರು ಒಂದೂಮುಕ್ಕಾಲು ಗಂಟೆ ಓಡಿಸಬಹುದು.

ಅನುಸರಿಸಬೇಕಾದ ಕ್ರಮಗಳು

1. ಎದ್ದು ಹೋಗುವ ಮೊದಲು ಕೆಲಸವನ್ನು ದಾಖಲಿಸತಕ್ಕದ್ದು.

2. ಪರದೆಯು 5 ನಿಮಿಷಕ್ಕೆ ಆರುವಂತೆ ಅಳವಡಿಸಿ. ಓಡಾಡುವ ಚಿತ್ರಗಳ ಸ್ಕ್ರೀನ್ ಸೇವರ್‌ನಿಂದ ವಿದ್ಯುತ್ ಉಳಿಯದು.

3. ಅಲ್ಪ ವಿರಾಮಕ್ಕೆ ಸಸ್ಪೆಂಡ್, ಊಟದ ಬಿಡುವಿಗೆ ಹೈಬರ್ನೇಟ್ ಬಳಸಿ. ವಿಂಡೋಸ್‌ನಲ್ಲಿ ಇದು ಕಾಣದಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ನೋಡಿ. ಲಿನಕ್ಸ್‌ನಲ್ಲಿ ಹೈಬರ್ನೇಟ್‌ಗೆ ಡಿಸ್ಕಿನಲ್ಲಿ ಸಾಕಷ್ಟು ಸ್ವಾಪ್ ಜಾಗ ಬೇಕು.

4. ಯುಪಿಎಸ್ ಇದ್ದರೆ, ವಿದ್ಯುತ್ ಹೋದ ಕೂಡಲೇ ಕೆಲಸ ದಾಖಲಿಸಿ ಹೈಬರ್ನೇಟ್ ಮಾಡಿ.

ಕೆಲವು ಯಂತ್ರಗಳು ಮಲಗಿದರೆ ಏಳುವುದಿಲ್ಲ. ಇಂಟೆಲ್, ಮೈಕ್ರೋಸಾಫ್ಟ್ ಮತ್ತು ತೋಷಿಬಾ ಸಂಸ್ಥೆಗಳು 1996ರಲ್ಲಿ ಎಸಿಪಿಐ ಎಂಬ ಸಮಾನ ನಿಯಮಗಳನ್ನು ರೂಪಿಸಿದವು. ಆದರೂ ಮದರ್‌ಬೋರ್ಡ್, ಬಿಡಿಭಾಗಗಳ ಡ್ರೈವರ್ ಮತ್ತು ಕಾರ್ಯಾಚರಣ ವ್ಯವಸ್ಥೆ ಮೂರೂ ಹೊಂದಿಕೊಂಡರೆ ಮಾತ್ರ ಇದು ಸರಿಯಾಗಿ ನಡೆಯುತ್ತದೆ. ಬೀಜದ ಮೊಳಕೆ ಪರೀಕ್ಷಿಸಿ ಬಿತ್ತುವಂತೆ, ಹೊಸ ಯಂತ್ರವನ್ನು ಅಂಗಡಿಯಲ್ಲಿಯೇ ಎರಡು ಮೂರು ಬಾರಿ ಮಲಗಿಸಿ, ಎಬ್ಬಿಸಿ, ಪ್ರಿಂಟರು ಮತ್ತು ಇಂಟರ್‌ನೆಟ್ ಸಂಪರ್ಕ ಸರಿಯಿದೆಯೇ ಎಂದು ನೋಡಿದ ನಂತರವೇ ಕೊಳ್ಳುವುದು ಉತ್ತಮ.