ಪಾಸ್ಕುವಾ: ಒಂದು ಹೆಸರು, ಹಲವು ಹಬ್ಬ

ಡಿಸೆಂಬರಿನ ಚಳಿಯಲ್ಲಿ ಕೊಂಬೆಯ ತುದಿಯ ಎಲೆಗಳೆಲ್ಲ ಕಡುಗೆಂಪಾಗಿ, ಹೂವಿನಂತೆಯೇ ತೋರುವ ಒಂದು ಗಿಡವನ್ನು ನಮ್ಮ ತೋಟಗಳಲ್ಲಿ ಅನೇಕರು ಕಂಡಿರಬಹುದು. ಪಾಯಿನ್‌ಸೆಟಿಯಾ ಎಂದು ಅದರ ಹೆಸರು; ಮೆಕ್ಸಿಕೋ ಅದರ ತವರು. ಸ್ಪೇನಿನ ಜನ ಅದನ್ನು ‘ಫ್ಲೋರ್ ದೆ ಪಾಸ್ಕುವಾ’, ಅಂದರೆ ಪಾಸ್ಕುವಾದ ಹೂವು ಎನ್ನುತ್ತಾರೆ. ಪಾಸ್ಕುವಾ ಎಂಬ ಸ್ಪ್ಯಾನಿಷ್ ಪದಕ್ಕೆ ಈಸ್ಟರ್ ಎಂಬ ಅರ್ಥವನ್ನಷ್ಟೇ ಬಲ್ಲವನು ಇಲ್ಲಿ ಬೆರಗಾಗುವನು. ಈಸ್ಟರ್ ಹಬ್ಬ ಬರುವುದು ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ. ಡಿಸೆಂಬರಿನ ಗಿಡಕ್ಕೆ ವಸಂತಕಾಲದ ಹಬ್ಬದ ಹೆಸರೇಕೆ?

ಇದನ್ನು ತಿಳಿಯಲು ಪದದ ಮೂಲಕ್ಕೆ ಹೋಗಬೇಕು. ಈಜಿಪ್ಟಿನ ದಾಸ್ಯದಿಂದ ತಮ್ಮ ಪೂರ್ವಜರು ಬಿಡುಗಡೆ ಹೊಂದಿದುದರ ನೆನಪಿಗೆ ಯೆಹೂದ್ಯರು ಆಚರಿಸುವ ಹಬ್ಬಕ್ಕೆ ಹೀಬ್ರೂ ಭಾಷೆಯಲ್ಲಿ ‘ಪೆಸಹ್’ ಎಂದು ಹೆಸರು. ಕನ್ನಡ ಬೈಬಲ್ಲಿನ ‘ಪಸ್ಕಹಬ್ಬ’ವೂ ಇದೇ. ಗ್ರೀಕ್, ಲ್ಯಾಟಿನ್‌ಗಳನ್ನು ಹಾಯ್ದು ಈ ಪದ ಸ್ಪ್ಯಾನಿಷ್ ಭಾಷೆಯಲ್ಲಿ ಪಾಸ್ಕುವಾ ಆಯಿತು. ಯೇಸುವಿನ ಮರಣ, ಪುನರುತ್ಥಾನಗಳು ಆ ಹಬ್ಬದ ಕಾಲದಲ್ಲೇ ನಡೆದುವೆಂದು ಸುವಾರ್ತೆಗಳು ಹೇಳುವುದರಿಂದ ಈಸ್ಟರಿಗೂ ಅದೇ ಹೆಸರು ಸಂದಿತು. ಪದದ ಪಯಣ ಅಲ್ಲಿಗೂ ನಿಲ್ಲಲಿಲ್ಲ. ಕ್ರಿಸ್ಮಸ್, ಜನವರಿ 6ರ ಮೂವರು ಅರಸರ ಹಬ್ಬ, ಪೆಂಟೆಕಾಸ್ಟ್ ಇವುಗಳಿಗೂ ಅದು ಹಬ್ಬಿತು. ಬಳ್ಳಿಗೆ ಚಪ್ಪರ ಸಿಕ್ಕಂತಾಯಿತು!

ಹಾಗಾದರೆ ಕಲಿಯುವವನ ಗತಿಯೇನು? ಪದದ ಅಕ್ಕಪಕ್ಕವನ್ನು ನೋಡುವುದೇ ದಾರಿ. ‘ಪಾಸ್ಕುವಾ ಹುದೀಯಾ’ ಎಂದರೆ ಯೆಹೂದ್ಯರ ಹಬ್ಬ. ‘ಪಾಸ್ಕುವಾ ದೆ ರೆಸುರೆಕ್ಸಿಯೋನ್’ ಎಂದರೆ ಈಸ್ಟರ್. ಡಿಸೆಂಬರಿನಲ್ಲಿ ಬಹುವಚನದಲ್ಲಿ ‘ಫೆಲೀಸೆಸ್ ಪಾಸ್ಕುವಾಸ್’ ಎಂದು ಹಾರೈಸಿದರೆ ಅದು ಕ್ರಿಸ್ಮಸ್ಸಿನ ಶುಭಾಶಯ. ಆದರೆ ಬಹುವಚನವೊಂದನ್ನೇ ನಂಬಲಾಗದು. ಕೆಲವೆಡೆ ಈಸ್ಟರಿನಲ್ಲಿಯೂ ಹಾಗೆಯೇ ಹಾರೈಸುವುದುಂಟು. ಕಾಗದದ ಮೇಲಿನ ತಾರೀಖನ್ನು ನೋಡದೆ ಅರ್ಥ ಹೇಳುವುದು ಅವಸರದ ಮಾತಾದೀತು.

ಕ್ರಿಸ್ಮಸ್ಸಿನ ಸ್ವಂತ ಹೆಸರು ‘ನವಿದಾದ್’, ಅಂದರೆ ಜನನ. ಅದರ ಹಿಂದಿನ ರಾತ್ರಿ, ಡಿಸೆಂಬರ್ 24, ‘ನೋಚೆಬುಯೇನಾ’: ಶುಭರಾತ್ರಿ ಎಂಬುದು ಪದಶಃ ಅರ್ಥ. ಮಲಗುವ ಮುನ್ನ ಹೇಳುವ ವಂದನೆ ಇದಲ್ಲ. ಅದು ಬಹುವಚನದ ‘ಬುಯೇನಾಸ್ ನೋಚೆಸ್’. ಮೆಕ್ಸಿಕೋದವರು ಆ ಕೆಂಪು ಗಿಡವನ್ನೂ ನೋಚೆಬುಯೇನಾ ಎಂದೇ ಕರೆಯುತ್ತಾರೆ. ಈಸ್ಟರಿಗೆ ಮುಂಚಿನ ವಾರ ‘ಸೆಮಾನಾ ಸಾಂತಾ’, ಪವಿತ್ರ ವಾರ. ಇನ್ನು ‘ಫಿಯೆಸ್ತಾ’ ಎಂಬುದು ದೇವರ ಹಬ್ಬಕ್ಕೂ ಮನೆಯ ಸಂತೋಷಕೂಟಕ್ಕೂ ಸಲ್ಲುತ್ತದೆ. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ‘ಫೆಸ್ತ್’ ಪೋರ್ಚುಗೀಸರಿಂದ ಬಂದ ಇದರ ದಾಯಾದಿ.

ಹಬ್ಬದ ಹೆಸರುಗಳು ಭೂಪಟವನ್ನೂ ಸೇರಿವೆ. 1513ರಲ್ಲಿ ಈಸ್ಟರಿನ ದಿನಗಳಲ್ಲಿ ಪೋನ್ಸೆ ದೆ ಲಿಯೋನ್ ಎಂಬ ಸ್ಪೇನಿನ ನಾವಿಕ ಕಂಡ ನಾಡು ಫ್ಲಾರಿಡಾ. ಅಲ್ಲಿಯ ಹಸುರಿಗೆ ಒಪ್ಪುವ ಆ ಹೆಸರಿನಲ್ಲಿ, ಈಸ್ಟರಿನ ಇನ್ನೊಂದು ಹೆಸರಾದ ‘ಪಾಸ್ಕುವಾ ಫ್ಲೋರಿದಾ’, ಅಂದರೆ ಹೂವಿನ ಪಾಸ್ಕುವಾ, ಅಡಗಿದೆ. 1722ರ ಈಸ್ಟರ್ ದಿನ ಡಚ್ಚರ ರೊಗ್ಗೆವೀನ್ ಶಾಂತಸಾಗರದಲ್ಲಿ ಒಂದು ದ್ವೀಪವನ್ನು ಕಂಡನು. ಇಂದು ಚಿಲಿ ದೇಶಕ್ಕೆ ಸೇರಿದ ಅದು ಸ್ಪ್ಯಾನಿಷ್‌ನಲ್ಲಿ ‘ಇಸ್ಲಾ ದೆ ಪಾಸ್ಕುವಾ’. ಇದನ್ನು ಕ್ರಿಸ್ಮಸ್ ದ್ವೀಪವೆಂದು ಅನುವಾದಿಸಿದವನ ಹಡಗು ಹಿಂದೂ ಮಹಾಸಾಗರಕ್ಕೆ ಬಂದು ಸೇರೀತು. ಆ ಹೆಸರಿನ ದ್ವೀಪವೊಂದು ಇರುವುದು ಇಲ್ಲಿ, ಜಾವಾದ ದಕ್ಷಿಣಕ್ಕೆ.