ತಾನೇ ನಿಲ್ಲುವ ಮೋಟಾರು



ನಂಜನಗೂಡಿನ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿಂದ ಇಬ್ಬರೂ ಒಂದಾಗಿ ಶಿವನಸಮುದ್ರದ ಕಡೆ ಹರಿಯುತ್ತಾರೆ. ಅಲ್ಲಿ ನದಿ ಎತ್ತರದಿಂದ ಧುಮುಕುತ್ತದೆ. 1902ರಲ್ಲಿ ಆ ನೀರಿನ ಬಲದಿಂದ ಕರೆಂಟು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಅಂದು ನಮ್ಮ ನೀರು ಕರೆಂಟು ಕೊಟ್ಟಿತು. ಇಂದು ಕರೆಂಟು ನಮ್ಮ ಮನೆಗೆ ನೀರು ಎತ್ತಿ ಕೊಡುತ್ತಿದೆ.

ಈಗ ಬಾವಿ ಸೇದುವುದು ಕಡಿಮೆ. ಎಷ್ಟೋ ಮನೆಗಳಲ್ಲಿ ಕೆಳಗೆ ಸಂಪು ಇದೆ. ಮೇಲೆ ಟ್ಯಾಂಕು ಇದೆ. ನೀರು ಎತ್ತಲು ಮೋಟಾರು ಇದೆ. ಆದರೆ ಮೋಟಾರು ಹಾಕುವುದು, ನಿಲ್ಲಿಸುವುದು ಹೆಂಗಸರ ತಲೆಗೇ ಬಿದ್ದಿದೆ. ಒಲೆ ಮೇಲೆ ಸಾರು ಕುದೀತಾ ಇರುತ್ತೆ. ಮಗು ಅಳ್ತಾ ಇರುತ್ತೆ. "ಅಯ್ಯೋ, ಮೋಟಾರು!" ಅಂತ ಓಡುವಷ್ಟರಲ್ಲಿ ಟ್ಯಾಂಕು ತುಂಬಿ ನೀರು ಬೀದಿಗೆ ಹರಿದಿರುತ್ತೆ.

ಈ ಕೆಲಸವನ್ನು ಯಂತ್ರವೇ ನೋಡಿಕೊಳ್ಳುವಂತೆ ಮಾಡಬಹುದು. ಇಂಥದ್ದಕ್ಕೆ ಪಟ್ಟಣದಲ್ಲಿ 'ಹೋಮ್ ಆಟೊಮೇಷನ್' ಅಂತಾರೆ. ದೊಡ್ಡ ಹೆಸರು ಕೇಳಿ ಹೆದರಬೇಡಿ. ಮನೆಯ ಕೆಲಸವನ್ನು ಯಂತ್ರ ತಾನಾಗಿ ಮಾಡುವುದು, ಅಷ್ಟೇ ಅದರ ಅರ್ಥ. ನಾವು ನಮ್ಮ ನೀರಿನ ಟ್ಯಾಂಕಿನಿಂದಲೇ ಕಲಿಯೋಣ.

ಯಂತ್ರ ಮಾಡುವ ಮೂರು ಕೆಲಸ

ನೀವು ಅನ್ನಕ್ಕೆ ಇಟ್ಟಾಗ ಏನು ಮಾಡುತ್ತೀರಿ? ಅಗುಳು ಹಿಸುಕಿ ನೋಡುತ್ತೀರಿ. ಬೆಂದಿದೆ ಎಂದು ತೀರ್ಮಾನ ಮಾಡುತ್ತೀರಿ. ಒಲೆ ಆರಿಸುತ್ತೀರಿ. ತಾನಾಗಿ ನಡೆಯುವ ಯಂತ್ರಕ್ಕೂ ಮೂರೇ ಕೆಲಸ. ನೋಡುವುದು, ತೀರ್ಮಾನ ಮಾಡುವುದು, ಕೆಲಸ ಮುಗಿಸುವುದು.

ಬೀದಿ ನಲ್ಲಿಯ ನೀರು ಸಂಪಿಗೆ ಬೀಳುವ ಕಡೆ ಒಂದು ಪ್ಲಾಸ್ಟಿಕ್ ಚೆಂಡು ಹಾಕಿರುತ್ತಾರೆ. ನೀರು ಏರಿದಂತೆ ಚೆಂಡೂ ಏರುತ್ತದೆ. ಚೆಂಡಿನ ಕಡ್ಡಿ ನಲ್ಲಿಯನ್ನು ಮುಚ್ಚುತ್ತದೆ. ಇದಕ್ಕೆ ಕರೆಂಟೇ ಬೇಡ.

ಮೋಟಾರಿಗೆ ಬೇರೆ ಏರ್ಪಾಟು ಇದೆ. ಟ್ಯಾಂಕಿನೊಳಗೆ ಮೇಲೊಂದು, ಕೆಳಗೊಂದು ಕಡ್ಡಿ ಇಳಿಬಿಡುತ್ತಾರೆ. ನೀರು ಮೇಲಿನ ಕಡ್ಡಿಗೆ ತಾಗಿದರೆ ಗೋಡೆ ಮೇಲಿನ ಪೆಟ್ಟಿಗೆಗೆ 'ತುಂಬಿತು' ಎಂದು ತಿಳಿಯುತ್ತದೆ. ಮೋಟಾರು ನಿಲ್ಲುತ್ತದೆ. ನೀರು ಕೆಳಗಿನ ಕಡ್ಡಿಗಿಂತ ಇಳಿದರೆ ಮೋಟಾರು ಮತ್ತೆ ಓಡುತ್ತದೆ. ಸಂಪಿನಲ್ಲೂ ಒಂದು ಕಡ್ಡಿ ಹಾಕಿಸಿ. ಸಂಪು ಖಾಲಿ ಇದ್ದಾಗ ಮೋಟಾರು ಓಡಿದರೆ ಬಿಸಿಯಾಗಿ ಸುಟ್ಟು ಹೋಗಬಹುದು.

ಬೋರ್‌ವೆಲ್ ನೀರಾದರೆ ಕಡ್ಡಿಗೆ ಬಿಳಿ ಉಪ್ಪು ಕಟ್ಟುತ್ತದೆ. ಆಗ ಪೆಟ್ಟಿಗೆಗೆ ನೀರಿನ ಮಟ್ಟ ಸರಿಯಾಗಿ ತಿಳಿಯುವುದಿಲ್ಲ. ಆದ್ದರಿಂದ ಆಗಾಗ ಮೇನ್ ಸ್ವಿಚ್ ಆಫ್ ಮಾಡಿ ಕಡ್ಡಿ ತೊಳೆಸಬೇಕು. ಪೆಟ್ಟಿಗೆ ಕೆಟ್ಟರೂ ಮೋಟಾರನ್ನು ಕೈಯಿಂದ ಹಾಕುವ, ನಿಲ್ಲಿಸುವ ಸ್ವಿಚ್ ಇರಲೇಬೇಕು.

ಲೆಕ್ಕ ಹಾಕೋಣ

ಒಂದು ಮೋಟಾರು ಅರ್ಧ ಗಂಟೆಯಲ್ಲಿ 1000 ಲೀಟರ್ ಟ್ಯಾಂಕು ತುಂಬುತ್ತದೆ ಎನ್ನಿ. ಅದು 10 ನಿಮಿಷ ಹೆಚ್ಚಾಗಿ ಓಡಿದರೆ 300 ಲೀಟರಿಗೂ ಹೆಚ್ಚು ನೀರು ಪೋಲು. ಬಿಂದಿಗೆಗೆ 15 ಲೀಟರ್ ಹಿಡಿದರೂ 20 ಬಿಂದಿಗೆ ನೀರಾಯಿತು! ದಿನಕ್ಕೆ 10 ನಿಮಿಷ ಎಂದರೆ ತಿಂಗಳಿಗೆ 5 ಗಂಟೆ. ಒಂದು ಎಚ್.ಪಿ. ಮೋಟಾರು ಗಂಟೆಗೆ ಮುಕ್ಕಾಲು ಯೂನಿಟ್ ಮೇಲೆಯೇ ಕರೆಂಟು ತಿನ್ನುತ್ತದೆ. ತಿಂಗಳಿಗೆ ಸುಮಾರು 4 ಯೂನಿಟ್ ದಂಡ. 2023ರಲ್ಲಿ ಬಂದ ಗೃಹಜ್ಯೋತಿಗೂ ಯೂನಿಟ್ ಮಿತಿ ಇಟ್ಟಿದ್ದಾರೆ, ನೆನಪಿರಲಿ.

ಗದ್ದೆ ಮೋಟಾರು: ಹುಷಾರ್!

ಗದ್ದೆ, ತೋಟದ ಮೋಟಾರಿಗೆ ಆಟೊ ಸ್ಟಾರ್ಟರ್ ಹಾಕಿಸುತ್ತಾರೆ. ತ್ರೀ ಫೇಸ್ ಕರೆಂಟು ರಾತ್ರಿ ಬಂದರೂ ಮೋಟಾರು ತಾನಾಗಿ ಓಡುತ್ತದೆ. ಕತ್ತಲಲ್ಲಿ ಹಾವು, ಹುಳು ತುಳಿದುಕೊಂಡು ಹೋಗುವ ಕಷ್ಟ ತಪ್ಪುತ್ತದೆ. ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಇದ್ದರೆ ಮನೆಯಲ್ಲೇ ಕೂತು ಫೋನ್ ಮಾಡಿ ಮೋಟಾರು ಹಾಕಬಹುದು.

ಅನುಕೂಲ ಎಷ್ಟಿದೆಯೋ ಅಪಾಯವೂ ಅಷ್ಟೇ ಇದೆ. "ಕರೆಂಟಿಲ್ಲ ಬುಡು, ಏನೂ ಆಗಲ್ಲ" ಅಂತ ಮೋಟಾರಿಗೆ, ವೈರಿಗೆ ಕೈ ಹಾಕುವವರಿದ್ದಾರೆ. ಯಂತ್ರ ನೀರನ್ನು, ಕರೆಂಟನ್ನು ಮಾತ್ರ ನೋಡುತ್ತದೆ. ಅಲ್ಲಿ ಮನುಷ್ಯರು ಇದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲ. ಕರೆಂಟು ಬಂದ ಕೂಡಲೇ ಓಡುತ್ತದೆ. ಊರಲ್ಲಿ ಕೂತ ಮಗ ತಿಳಿಯದೆ ಫೋನ್ ಮಾಡಿದರೂ ಓಡುತ್ತದೆ. ಜೀವವೇ ಹೋಗಬಹುದು.

ಅದಕ್ಕೇ ರಿಪೇರಿಗೆ ಮುಂಚೆ ಮೇನ್ ಸ್ವಿಚ್ ಆಫ್ ಮಾಡಲೇಬೇಕು. ಫ್ಯೂಸ್ ಕಿತ್ತು ರಿಪೇರಿ ಮಾಡುವವರ ಹತ್ತಿರವೇ ಇಟ್ಟುಕೊಳ್ಳಬೇಕು. ಮನೆಯವರಿಗೆಲ್ಲ ಹೇಳಿರಬೇಕು. ವೈರಿಂಗ್ ಕೆಲಸವನ್ನು ಬಲ್ಲವರಿಂದಲೇ ಮಾಡಿಸಿ. ಅರ್ತಿಂಗ್ ಹಾಕಿಸಿ.

ಯಾರಿಗಾದರೂ ಕರೆಂಟು ಹೊಡೆದರೆ ಓಡಿಹೋಗಿ ಮುಟ್ಟಬೇಡಿ. ನಿಮಗೂ ಹೊಡೆಯುತ್ತದೆ. ಮೊದಲು ಮೇನ್ ಸ್ವಿಚ್ ಆರಿಸಿ. ಮನೆಯ ಕರೆಂಟಾದರೆ, ಸ್ವಿಚ್ ಸಿಗದಿದ್ದಾಗ, ಒಣ ನೆಲದ ಮೇಲೆ ನಿಂತು ಒಣ ಮರದ ಕೋಲಿನಿಂದ ವೈರನ್ನು ದೂಡಿ. 108ಕ್ಕೆ ಫೋನ್ ಮಾಡಿ ಆಂಬುಲೆನ್ಸ್ ಕರೆಯಿರಿ. ಕಂಬದ ತಂತಿ ಹರಿದು ಬಿದ್ದಿದ್ದರೆ ಹತ್ತಿರವೇ ಹೋಗಬೇಡಿ. 1912ಕ್ಕೆ ತಿಳಿಸಿ.

"ಅದೆಲ್ಲ ಗಂಡಸರಿಗೆ ಗೊತ್ತು" ಎಂದು ಬಿಟ್ಟುಬಿಡಬೇಡಿ. ಅವರು ಹೊಲದಲ್ಲಿದ್ದಾಗ ಮನೆಯಲ್ಲಿ ಇರುವವರು ನೀವೇ. ಅಕ್ಷರ ಕಲಿತಿದ್ದೀರಿ. ಪೆಟ್ಟಿಗೆಯ ಮೇಲಿನ ಅಂಕಿಯನ್ನೂ ಗುರುತನ್ನೂ ಕಲಿಯುವುದು ನಿಮಗೆ ಕಷ್ಟವಲ್ಲ.

ಓದಿ, ಮಾಡಿ

1. ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿದೆ? ಇವತ್ತೇ ನೋಡಿ.
2. ನಿಮ್ಮ ಟ್ಯಾಂಕು ತುಂಬಲು ಎಷ್ಟು ನಿಮಿಷ ಬೇಕು? ಬರೆದಿಡಿ.
3. 108, 1912: ಈ ಎರಡು ನಂಬರನ್ನು ಸ್ವಿಚ್ ಪಕ್ಕದ ಗೋಡೆ ಮೇಲೆ ನಿಮ್ಮ ಕೈಯಿಂದಲೇ ದಪ್ಪಗೆ ಬರೆಯಿರಿ.