ಮೊದಲೇ ಗೊತ್ತುಮಾಡಿದ ವಿಳಾಸ

ಮಂಗಳೂರಿನಿಂದ ಹಾಸನದತ್ತ ಹೊರಟ ರೈಲು ಘಟ್ಟವನ್ನೇರುವ ಮುನ್ನ ನಿಲ್ಲುವ ನಿಲ್ದಾಣದ ಫಲಕದ ಮೇಲೆ ‘ಸುಬ್ರಹ್ಮಣ್ಯ ರೋಡ್’ ಎಂದಿರುತ್ತದೆ. ಯಾತ್ರಿಕನು ಇಳಿದು ಕಾಲಿಡುವ ನೆಲ ಮಾತ್ರ ನೆಟ್ಟಣದ್ದು, ಕುಕ್ಕೆಯ ಸುಬ್ರಹ್ಮಣ್ಯ ದೇವಸ್ಥಾನವಾದರೋ ಅಲ್ಲಿಂದ ಸುಮಾರು 12 ಕಿ.ಮೀ. ದೂರದಲ್ಲಿದೆ. 1979ರಲ್ಲಿ ಪೂರ್ಣಗೊಂಡ ಮೀಟರ್‌ಗೇಜ್ ಹಾದಿಯು 1996ರಲ್ಲಿ ಮುಚ್ಚಿ, ಹಳಿಗಳೆಲ್ಲ ಬದಲಾಗಿ, 2006ರಲ್ಲಿ ಸರಕಿನ ಗಾಡಿಗಳಿಗೂ 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೂ ಬ್ರಾಡ್‌ಗೇಜಾಗಿ ತೆರೆದುಕೊಂಡಾಗಲೂ ಟಿಕೆಟಿನ ಮೇಲಿನ ಹೆಸರು ಹಿಂದಿನದೇ ಆಗಿತ್ತು. ಅಡಿಯ ವಸ್ತು ಯಾವುದಾದರೂ ಆಗಲಿ, ಕರೆಯುವ ಹೆಸರು ಅಚಲವಾಗಿರಲಿ ಎಂಬ ಈ ಏರ್ಪಾಟನ್ನೇ ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನಲ್ ತನ್ನ ಜೀವಿತದ ಮೊದಲ ಕ್ಷಣಗಳಲ್ಲಿ ಆಶ್ರಯಿಸುತ್ತದೆ.

ಅದರ ಸಂಕಟವಾದರೂ ಎಂಥದು! ಪ್ರೊಸೆಸರು ಒಮ್ಮೆ ವರ್ಚುವಲ್ ವಿಳಾಸಗಳ ವ್ಯವಸ್ಥೆಯನ್ನು ಪ್ರವೇಶಿಸಿತೆಂದರೆ, ಆ ವಿಳಾಸಗಳನ್ನು ಭೌತಿಕ ಸ್ಥಳಗಳಿಗೆ ಹೊಂದಿಸುವ ಪೇಜ್ ಟೇಬಲಿನಲ್ಲಿ ನಮೂದಾಗದ ಯಾವ ಭೌತಿಕ ಸ್ಥಳವನ್ನೂ ಅದು ಮುಟ್ಟಲಾರದು. ಪೇಜ್ ಟೇಬಲನ್ನು ವಿಸ್ತರಿಸಬೇಕಾದರೆ ಖಾಲಿ ಮೆಮೊರಿ ಬೇಕು. ಮೆಮೊರಿ ಎಲ್ಲಿದೆ, ಎಷ್ಟಿದೆ ಎಂದರಿಯಬೇಕಾದರೆ ಯಂತ್ರದಲ್ಲೇ ಹುದುಗಿರುವ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಸಿದ್ಧಪಡಿಸಿದ ವಿವರಪಟ್ಟಿಯನ್ನು ಓದಬೇಕು. ಆ ಪಟ್ಟಿಯೋ, ಇನ್ನೂ ನಮೂದಾಗದ ಭೌತಿಕ ಮೆಮೊರಿಯಲ್ಲಿಯೇ ಇರುತ್ತದೆ. ಈ ಅನ್ಯೋನ್ಯಾಶ್ರಯವನ್ನು ಭೇದಿಸುವ ಉಪಾಯಕ್ಕೆ ಲಿನಕ್ಸ್ ಎಂಬ ಕರ್ನಲ್ಲಿನ ಬಳಗದಲ್ಲಿ ಫಿಕ್ಸ್‌ಮ್ಯಾಪ್ ಎಂದು ಹೆಸರು.

ವರ್ಚುವಲ್ ವಿಳಾಸಗಳ ಕೆಲವು ಪುಟಗಳನ್ನು ಕಂಪೈಲ್ ಮಾಡುವಾಗಲೇ ಮೀಸಲಿಟ್ಟು, ಅವುಗಳಿಗೆ ಬೇಕಾದ ಪೇಜ್ ಟೇಬಲಿನ ಜಾಗವನ್ನು ಕರ್ನಲ್ಲಿನ ಶರೀರದೊಳಗೇ ಒದಗಿಸಿ, ಅವು ಯಾವ ಭೌತಿಕ ಸ್ಥಳವನ್ನು ನಿರ್ದೇಶಿಸಬೇಕೆಂಬುದನ್ನು ಮಾತ್ರ ಯಂತ್ರ ಎಚ್ಚರಗೊಳ್ಳುವ ವೇಳೆಗೆ ಬಿಟ್ಟುಕೊಡುವುದೇ ಇದರ ಸಾರ. ಇಂಟೆಲ್ ಯಂತ್ರಗಳಿಗಾಗಿ ಇದನ್ನು ನಿರೂಪಿಸಿದ ಕಡತದ ತಲೆಯಲ್ಲಿ ಇಂಗೊ ಮೋಲ್ನಾರ್ ಅವರ ಹೆಸರೂ 1998 ಎಂಬ ವರ್ಷವೂ ಇವೆ. ಹಲವು ಪ್ರೊಸೆಸರುಗಳು ಒಂದೇ ಯಂತ್ರದಲ್ಲಿ ದುಡಿಯತೊಡಗಿದ ಆ ಕಾಲದಲ್ಲಿ ಇಂಟರಪ್ಟುಗಳನ್ನು, ಎಂದರೆ ಪ್ರೊಸೆಸರಿನ ಗಮನ ಸೆಳೆಯುವ ಸಂಕೇತಗಳನ್ನು, ನಿರ್ವಹಿಸುವ ಏಪಿಕ್ ಎಂಬ ಅಂಗವನ್ನು ಕರ್ನಲ್ ಅಡಿಗಡಿಗೆ ಮುಟ್ಟಬೇಕಾಗಿತ್ತು. ಅದರ ವಿಳಾಸವನ್ನು ಪ್ರತಿ ಬಾರಿಯೂ ಮೆಮೊರಿಯಿಂದ ಓದಿ ತರುವ ಬದಲು, ಸ್ಥಿರಾಂಕವಾಗಿ ಆದೇಶದೊಳಗೇ ಅಡಕಗೊಳಿಸಿದರೆ ಆ ಒಂದು ಓದು ಉಳಿಯುತ್ತದೆ. ಪ್ರತಿಯೊಂದು ಇಂಟರಪ್ಟಿನಲ್ಲಿಯೂ ಉಳಿಯುವ ಈ ಅತ್ಯಲ್ಪ ಕಾಲವನ್ನು ಗಣನೆಗೆ ತೆಗೆದುಕೊಂಡವರ ಶ್ರದ್ಧೆಯನ್ನು ನಾನು ಬಹುವಾಗಿ ಗೌರವಿಸುತ್ತೇನೆ. ವಿಳಾಸಗಳ ಹಂಚಿಕೆಯೂ ಸರಳವೇ: 32 ಬಿಟ್ ಯಂತ್ರದ 4 ಜಿಬಿ ವಿಸ್ತಾರದ ತುತ್ತತುದಿಯಿಂದ 4 ಕೆಬಿ ಪುಟಗಳನ್ನು ಹಿಮ್ಮುಖವಾಗಿ ಎಣಿಸುತ್ತ ಬಂದರಾಯಿತು, ಕ್ರಮಾಂಕ ತಿಳಿದವನಿಗೆ ವಿಳಾಸವು ಒಂದು ವ್ಯವಕಲನದಿಂದ ಸಿದ್ಧಿಸುತ್ತದೆ.

ಕಾಲಕ್ರಮದಲ್ಲಿ ಇದೇ ಪ್ರದೇಶದಲ್ಲಿ ತಾತ್ಕಾಲಿಕ ಸ್ಥಾನಗಳೂ ಏರ್ಪಟ್ಟವು. ಫರ್ಮ್‌ವೇರಿನ ಪಟ್ಟಿಯನ್ನು ಓದುವಷ್ಟು ಹೊತ್ತು ಅದನ್ನು ಒಂದು ಸ್ಥಾನಕ್ಕೆ ಜೋಡಿಸಿ, ಓದಿ ಮುಗಿದೊಡನೆ ಬಿಡಿಸಿ, ಅದೇ ಸ್ಥಾನವನ್ನು ಮತ್ತೊಂದಕ್ಕೆ ಕೊಡುವ ಕ್ರಮವದು. ಬೇರೆಬೇರೆ ಪ್ರೊಸೆಸರುಗಳಿಗೆ ಪ್ರತ್ಯೇಕವಾಗಿ ಬರೆಯಲಾಗುತ್ತಿದ್ದ ಈ ಭಾಗಗಳ ಸಮಾನಾಂಶವನ್ನು 2014ರಲ್ಲಿ ಮಾರ್ಕ್ ಸಾಲ್ಟರ್ ಒಂದೆಡೆಗೆ ತಂದರು.

ನಮ್ಮ ನಾಡಿಗೆ ಈ ಕಥೆ ತಲಪಿದುದು 2019ರಲ್ಲಿ. ಯಾರು ಬೇಕಾದರೂ ಸ್ವತಂತ್ರವಾಗಿ ಅಳವಡಿಸಿಕೊಳ್ಳಬಹುದಾದ ರಿಸ್ಕ್-ಫೈವ್ ಪ್ರೊಸೆಸರಿಗೆ ಫಿಕ್ಸ್‌ಮ್ಯಾಪನ್ನು ರೂಪಿಸಿದವರು, ವೆಸ್ಟರ್ನ್ ಡಿಜಿಟಲ್ ಸಂಸ್ಥೆಗಾಗಿ ಬೆಂಗಳೂರಿನಲ್ಲಿ ಕಾರ್ಯನಿರತರಾಗಿದ್ದ ಅನೂಪ್ ಪಟೇಲ್. ಅದುವರೆಗೆ ಆ ಪ್ರೊಸೆಸರಿನ ಲಿನಕ್ಸ್ ಕರ್ನಲ್, ಮೆಮೊರಿಯ ಪ್ರಮಾಣವನ್ನು ತಿಳಿಯುವ ಮುನ್ನವೇ ಸಾಧ್ಯವಿರುವ ವಿಳಾಸಗಳೆಲ್ಲವನ್ನೂ ಒಂದೇ ಪಟ್ಟಿಗೆ ನಮೂದಿಸಿಬಿಡುತ್ತಿತ್ತು. ಇಲ್ಲದ ಮೆಮೊರಿಗೂ ವಿಳಾಸವಿದ್ದುದರಿಂದ, ದೋಷಯುಕ್ತವಾದ ತಂತ್ರಾಂಶ ಎಲ್ಲೆ ಮೀರಿ ಕೈಚಾಚಿದರೂ ತಡೆಯುವವರಿರಲಿಲ್ಲ. ಅದೇ ವರ್ಷ ಅವರು ವಿಳಾಸಗಳನ್ನು ನಮೂದಿಸುವ ಈ ಕಾರ್ಯವನ್ನು ಎರಡು ಹಂತಗಳಾಗಿ ವಿಭಾಗಿಸಿದರು. ಮೊದಲ ಹಂತದಲ್ಲಿ ಕರ್ನಲ್ ತನ್ನನ್ನೂ, ಯಂತ್ರದ ವಿವರವಿರುವ ಡಿವೈಸ್ ಟ್ರೀಯನ್ನೂ ಮಾತ್ರ ನಮೂದಿಸಿಕೊಳ್ಳುತ್ತದೆ. ಆ ವಿವರವನ್ನೋದಿ, ಇರುವ ಮೆಮೊರಿಯಷ್ಟನ್ನೇ ಗೊತ್ತುಮಾಡಿಕೊಂಡ ಮೇಲೆ ಎರಡನೆಯ ಹಂತದಲ್ಲಿ ಅಂತಿಮವಾದ ಪೇಜ್ ಟೇಬಲನ್ನು ರಚಿಸುತ್ತದೆ. ಹೀಗೆ ರಚನೆಯಾಗುತ್ತಿರುವ ಟೇಬಲಿನ ಪುಟಗಳಿಗೂ ಆಗಿನ್ನೂ ಸ್ವಂತ ವಿಳಾಸವಿರುವುದಿಲ್ಲವಾದುದರಿಂದ, ಅವನ್ನು ಒಂದೊಂದಾಗಿ ಫಿಕ್ಸ್‌ಮ್ಯಾಪಿನ ಸ್ಥಾನಕ್ಕೆ ಜೋಡಿಸಿ ಬರೆಯಲಾಗುತ್ತದೆ. ಬರೆದು ಮುಗಿದ ಬಳಿಕ ಆ ಸ್ಥಾನಗಳನ್ನು ತೆರವು ಮಾಡಿ, ಪ್ರೊಸೆಸರನ್ನು ಹೊಸ ಟೇಬಲಿಗೆ ಒಪ್ಪಿಸಲಾಗುತ್ತದೆ.